ಓಡದ ರೇಸಿನ ಎಂಜಿನ್ ಲೆಕ್ಕ

ಬ್ಲಾಗಿನ ಕಡೆ ತಲೆ ಹಾಕಿ ಮೂರ್ನಾಲ್ಕು ತಿಂಗಳೇ ಆಯ್ತು. ಆಫೀಸು, ರಿಲೀಸು, ಮತ್ತೆ ಆಫೀಸು... ನೆಪಗಳಿಗೇನು ಬರ ಬಿಡಿ. ಹೋದ ಶನಿವಾರ ಊರಿಗೆ ಹೋಗಿದ್ದೆ. ಅಲ್ಲಿ ಮಾವ ಹಳೇ ಪ್ರಶ್ನೆಯೊಂದನ್ನು ಮತ್ತೆ ಕೆದಕಿದ. ಬೆಂಗಳೂರಿಗೆ ವಾಪಸ್ ಬಂದವನು ಎರಡು ರಾತ್ರಿ ಕೂತು ಅದರ ಚರಿತ್ರೆ ಓದಿದೆ. ಓದಿದ್ದು ತಲೆಯಲ್ಲಿ ತಣ್ಣಗಾಗುವ ಮುಂಚೆ ಬರೆದಿಡೋಣ ಅಂತ ಕೂತಿದ್ದೀನಿ. ಫಾರ್ಮುಲಾ ಒನ್ ಅಂದ್ರೆ ಅಲರ್ಜಿ ಇರೋರೂ ಸ್ವಲ್ಪ ತಾಳ್ಮೆಯಿಂದ ಓದಿ. ಇದರಲ್ಲಿ ಕಾರಿಗಿಂತ ಲೆಕ್ಕವೇ ಜಾಸ್ತಿ ಇದೆ.

ನಮ್ಮೂರು ಹಿರೇಹಳ್ಳಿ. ಬೆಂಗಳೂರಿಂದ ತುಮಕೂರಿಗೆ ಹೋಗುವಾಗ ದಾಬಸ್‌ಪೇಟೆ ದಾಟಿದ ಮೇಲೆ ಸಿಗುತ್ತೆ, ಬಸ್ಸಲ್ಲಿ ನಿದ್ದೆ ಹೊಡೆಯೋರಿಗೆ ಕಾಣೋದಿಲ್ಲ. ಕೈಗಾರಿಕಾ ಪ್ರದೇಶದ ಶೆಡ್ಡುಗಳು, ಪುಟ್ಟದೊಂದು ರೈಲ್ವೆ ಸ್ಟೇಷನ್ನು, ಒಂದು ತೋಟಗಾರಿಕೆ ಸಂಶೋಧನಾ ಕೇಂದ್ರ (ಸಿದ್ದು ಹಲಸಿನ ಹೆಸರು ಕೇಳಿದ್ದೀರಲ್ಲ, ಅದಕ್ಕೆ ಸಂಬಂಧಪಟ್ಟಿದ್ದು). ಇವುಗಳ ಮಧ್ಯೆ ನಮ್ಮ ಸೋದರಮಾವನ ಗ್ಯಾರೇಜು. ಸ್ಪ್ಲೆಂಡರು, ಟಿವಿಎಸ್ ಎಕ್ಸೆಲ್ಲು ಬಿಚ್ಚಿ ಹಾಕಿಕೊಂಡು ಕೂತಿರುತ್ತಾನೆ. ಗೋಡೆ ಮೇಲೆ ಆಂಜನೇಯನ ಫೋಟೊ, ಅದರ ಪಕ್ಕ ಶುಮಾಕರ್ ಫೋಟೊ. ಎರಡಕ್ಕೂ ಆಯುಧಪೂಜೆ ದಿನ ಹಾರ ಬೀಳುತ್ತೆ!

2011ರ ಜೂನ್. ನಾನು ಆಗ ಒಂಬತ್ತನೇ ಕ್ಲಾಸು. ಆ ವರ್ಷ ಭಾರತದಲ್ಲಿ ಮೊದಲ ಫಾರ್ಮುಲಾ ಒನ್ ರೇಸು ಅಕ್ಟೋಬರ್ 30ಕ್ಕೆ ಗ್ರೇಟರ್ ನೋಯ್ಡಾದಲ್ಲಿ ಅಂತ ಗೊತ್ತಾಗಿತ್ತು. ಮಾವ ಇಬ್ಬರು ಸ್ನೇಹಿತರ ಜೊತೆ ರೈಲಲ್ಲಿ ದೆಹಲಿಗೆ ಹೋಗೋ ಪ್ಲಾನು ಹಾಕಿದ್ದ. ದೀಪಾವಳಿ ಅದೇ ವಾರ, ಗ್ಯಾರೇಜಿಗೆ ಹೇಗಿದ್ದರೂ ರಜಾ. ಜೂನ್ 3ರಂದು ಸುದ್ದಿ ಬಂತು: ಅಕ್ಟೋಬರ್ 30 ಇನ್ನು ಬಹರೇನಿಗೆ, ಭಾರತದ ರೇಸು ಡಿಸೆಂಬರ್ 11ಕ್ಕೆ.

ಮಾವ ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟು ಬೈದದ್ದನ್ನು ಇಲ್ಲಿ ಬರೆಯೋ ಹಾಗಿಲ್ಲ. ಆಮೇಲೆ ಸುಮ್ಮನಾಗಿ ಕೇಳಿದ: "ಲೇ ಅಳಿಯ, ಫೆಬ್ರವರಿಲಿ ಕ್ಯಾನ್ಸಲ್ ಮಾಡಿದ್ದ ರೇಸು ಅದು. ಈಗ ಮತ್ತೆ ಸೇರಿಸ್ತಾರಂತೆ. ವರ್ಷಕ್ಕೆ ಎಂಟೇ ಎಂಜಿನ್ನು ಅಂತ ರೂಲ್ ಐತಲ್ಲ, ರೇಸು ಕಮ್ಮಿ ಆದಾಗ ಏಳು ಮಾಡಿದ್ರಾ? ಜಾಸ್ತಿ ಆದ್ರೆ ಒಂಬತ್ತು ಕೊಡ್ತಾರಾ?"

ನನಗೆ ಗೊತ್ತಿರಲಿಲ್ಲ. "ಇರಬೋದು ಮಾವ" ಅಂದೆ. ಈಗ ಉತ್ತರ ಹೇಳ್ತೀನಿ: ಇಲ್ಲ. ಏಳೂ ಮಾಡಲಿಲ್ಲ, ಒಂಬತ್ತೂ ಇಲ್ಲ. ಆದರೆ ಯಾಕೆ ಅನ್ನೋದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಒಂದು ಕಾಲದಲ್ಲಿ ದುಡ್ಡಿದ್ದ ತಂಡಗಳಿಗೆ ಎಂಜಿನ್ ಅನ್ನೋದು ಕಡ್ಡಿಪೆಟ್ಟಿಗೆ ಇದ್ದ ಹಾಗೆ. ಶನಿವಾರ ಗ್ರಿಡ್ ಸ್ಥಾನಕ್ಕಾಗಿ ಓಡೋ ಕ್ವಾಲಿಫೈಯಿಂಗಿಗೇ ಬೇರೆ ಎಂಜಿನ್ನು, ಭಾನುವಾರದ ರೇಸಿಗೆ ಬೇರೆ. ಇಷ್ಟು ಸುಟ್ಟರೆ ಸಣ್ಣ ತಂಡಗಳು ಬದುಕೋದಿಲ್ಲ ಅಂತ 2004ರಲ್ಲಿ ಕಡಿವಾಣ ಬಂತು: ಒಂದು ವಾರಾಂತ್ಯಕ್ಕೆ ಒಂದೇ ಎಂಜಿನ್, ಬದಲಾಯಿಸಿದರೆ ಗ್ರಿಡ್‌ನಲ್ಲಿ ಹತ್ತು ಸ್ಥಾನ ಹಿಂದೆ. 2005ರಲ್ಲಿ ಅದೇ ಎಂಜಿನ್ ಎರಡು ವಾರಾಂತ್ಯ ಬಾಳಬೇಕು ಅಂತಾಯ್ತು. 2009ರಿಂದ ಲೆಕ್ಕದ ರೀತಿಯೇ ಬದಲು: ಇಡೀ ವರ್ಷಕ್ಕೆ ಒಬ್ಬ ಚಾಲಕನಿಗೆ ಎಂಟು. ಯಾವ ರೇಸಿಗೆ ಯಾವುದನ್ನು ಹಾಕ್ತೀರೋ ನಿಮ್ಮಿಷ್ಟ. ಒಂಬತ್ತನೆಯದು ಹಾಕಿದ ದಿನ ಹತ್ತು ಸ್ಥಾನ ಹಿಂದೆ ಹೋಗಿ.

ಇಲ್ಲಿ ಒಂದು ಸೂಕ್ಷ್ಮ ಇದೆ. ಎರಡು ವಾರಾಂತ್ಯದ ನಿಯಮ ಇದ್ದಾಗ ಎಂಜಿನ್ ಕಟ್ಟಿಹಾಕಿದ್ದು ರೇಸಿಗೆ. ಎಂಟರ ನಿಯಮದಲ್ಲಿ ಕಟ್ಟಿಹಾಕಿದ್ದು ವರ್ಷಕ್ಕೆ. ರೇಸಿಗೆ ಕಟ್ಟಿದರೆ ಒಂದು ರೇಸು ರದ್ದಾದಾಗ ಲೆಕ್ಕ ತಾನಾಗಿ ಮುಂದಕ್ಕೆ ಜರುಗುತ್ತೆ. ವರ್ಷಕ್ಕೆ ಕಟ್ಟಿದರೆ ಹಾಗಲ್ಲ, ರೇಸು ಕಮ್ಮಿಯಾದರೂ ಎಂಟು ಎಂಟೇ. ನಮ್ಮ ಕೋಡಿಂಗ್ ಭಾಷೆಯಲ್ಲಿ ಹೇಳೋದಾದ್ರೆ, ಒಂದರಲ್ಲಿ ಪ್ರತಿ ಸಲ ಕೂಡಿ ಕಳೆದು ತೆಗೆಯುವ ಸಂಖ್ಯೆ, ಇನ್ನೊಂದರಲ್ಲಿ ಫೈಲಿನ ಮೇಲ್ಗಡೆ ಬರೆದಿಟ್ಟು ಮರೆತ ಕಾನ್‌ಸ್ಟಂಟು :)

ರೇಸಿಗೆ ಕಟ್ಟಿದ ನಿಯಮದಲ್ಲೂ ಕಳ್ಳದಾರಿ ಇತ್ತು ಅನ್ನೋದನ್ನ ಹೇಳದೆ ಮುಂದೆ ಹೋಗೋಕಾಗಲ್ಲ. 2005ರಲ್ಲಿ, ರೇಸು ಮುಗಿಸದೆ ಕೆಟ್ಟು ನಿಂತವನು ಮುಂದಿನ ರೇಸಿಗೆ ದಂಡವಿಲ್ಲದೆ ಹೊಸ ಎಂಜಿನ್ ಹಾಕಬಹುದಿತ್ತು, ಪಾಪ ಅಂತ. ವರ್ಷದ ಮೊದಲ ರೇಸು ಮೆಲ್ಬರ್ನ್. ಬಿಎಆರ್ ತಂಡದ ಜೆನ್ಸನ್ ಬಟನ್, ಟಕುಮಾ ಸಾಟೊ ಇಬ್ಬರೂ ಅಂಕ ಸಿಗದಷ್ಟು ಹಿಂದಿದ್ದರು. ಕೊನೇ ಸುತ್ತಿನಲ್ಲಿ ಇಬ್ಬರನ್ನೂ ತಂಡದವರು ಪಿಟ್‌ಗೆ ಕರೆಸಿಕೊಂಡರು. ಗೆರೆ ದಾಟಲಿಲ್ಲ, ಅಂದ್ರೆ "ಮುಗಿಸಲಿಲ್ಲ", ಅಂದ್ರೆ ಹೊಸ ಎಂಜಿನ್! ಎಫ್‌ಐಎದವರು ಕೂಡಲೇ ನಿಯಮದ ಮಾತು ಬಿಗಿ ಮಾಡಿದರು. ಮುಂದಿನ ಮಲೇಷ್ಯಾ ರೇಸಿನಲ್ಲಿ ಅದೇ ತಂಡದ ಎರಡೂ ಕಾರು ಎರಡು ಮೂರು ಸುತ್ತಿನೊಳಗೇ ನಿಂತುಹೋದವು. ಮಾವನಿಗೆ ಈ ಕಥೆ ಹೇಳಿದಾಗ ಅಂಗಡಿಗೆಲ್ಲ ಕೇಳೋ ಹಾಗೆ ನಕ್ಕ.

ಈಗ 2011ಕ್ಕೆ ಬರೋಣ. ಬಹರೇನ್ ಆ ವರ್ಷದ ಮೊದಲ ರೇಸು ಆಗಬೇಕಿತ್ತು, ಮಾರ್ಚ್ 13ಕ್ಕೆ. ಫೆಬ್ರವರಿಯಲ್ಲಿ ಅಲ್ಲಿ ಜನ ಬೀದಿಗಿಳಿದರು. ಪರ್ಲ್ ವೃತ್ತದಲ್ಲಿ ಸೇರಿದ್ದವರ ಮೇಲೆ ಪೊಲೀಸರು ಬಿದ್ದರು, ಜನ ಸತ್ತರು. ಫೆಬ್ರವರಿ 21ರಂದು ರೇಸು ಕೈಬಿಟ್ಟರು. 20 ರೇಸಿನ ವರ್ಷ 19ಕ್ಕೆ ಇಳಿಯಿತು. ಚಾಲಕನಿಗೆ ಎಂಟು ಎಂಜಿನ್ ಹಾಗೇ ಉಳಿಯಿತು. ಲೆಕ್ಕ ಹಾಕಿದರೆ ಒಂದು ಎಂಜಿನ್ನು 2.5 ರೇಸು ಬಾಳಬೇಕಿದ್ದದ್ದು ಸುಮಾರು 2.4 ಬಾಳಿದರೆ ಸಾಕು ಅಂತಾಯ್ತು. ದೊಡ್ಡ ವ್ಯತ್ಯಾಸವೇನಲ್ಲ, ಯಾರೂ ತಲೆ ಕೆಡಿಸಿಕೊಂಡಿದ್ದು ಕಾಣೆ. ಸತ್ತವರ ಮುಂದೆ ಎಂಜಿನ್ ಲೆಕ್ಕ ಎತ್ತೋಕೆ ಯಾರಿಗೆ ಬಾಯಿ ಬರುತ್ತೆ?

ಜೂನ್ 3ಕ್ಕೆ ಎಫ್‌ಐಎ ಸಭೆ ಬಹರೇನನ್ನು ವಾಪಸ್ ಸೇರಿಸಿದ್ದು ಇದಾದ ಮೇಲೆ. ಅದೂ ನಮ್ಮ ತಾರೀಕಿಗೆ! ತಂಡಗಳು ಒಪ್ಪಲಿಲ್ಲ. ಋತು ಶುರುವಾದ ಮೇಲೆ ತಾರೀಕು ಬದಲಿಸಬೇಕಾದರೆ ಓಡುವವರ ಒಪ್ಪಿಗೆ ಬೇಕು ಅಂತ ಎಫ್‌ಐಎದ್ದೇ ಅಂತರರಾಷ್ಟ್ರೀಯ ಕ್ರೀಡಾ ಸಂಹಿತೆಯಲ್ಲಿತ್ತು. ಒಂದು ವಾರದೊಳಗೆ ಬಹರೇನಿನವರೇ ಹಿಂದೆ ಸರಿದರು, ಅಕ್ಟೋಬರ್ 30 ಮತ್ತೆ ಭಾರತಕ್ಕೆ ಬಂತು. ಮಾವ ಕೊನೆಗೂ ಹೋಗಲಿಲ್ಲ, ಅದು ಬೇರೆ ವಿಷಯ. ಅತ್ತೆ ಬಿಡಲಿಲ್ಲ. ಗ್ಯಾರೇಜಿನ ಹದಿನಾಲ್ಕಿಂಚಿನ ಟಿವಿಯಲ್ಲಿ ನೋಡಿದ್ವಿ. ಶುಕ್ರವಾರದ ಅಭ್ಯಾಸದಲ್ಲಿ ಬೀದಿ ನಾಯಿಯೊಂದು ಟ್ರ್ಯಾಕಿಗೆ ನುಗ್ಗಿ ಓಟ ನಿಲ್ಲಿಸಿದ್ದು, ಭಾನುವಾರ ವೆಟಲ್ ಗೆದ್ದಿದ್ದು, ಬೆಂಗಳೂರಿನ ವಿಜಯ ಮಲ್ಯರ ಫೋರ್ಸ್ ಇಂಡಿಯಾದಲ್ಲಿ ಸುಟಿಲ್ ಒಂಬತ್ತನೆಯವನಾಗಿ ಬಂದಿದ್ದು ಎಲ್ಲ ನೆನಪಿದೆ.

ಫೋರ್ಸ್ ಇಂಡಿಯಾ ಹೆಸರು ಬಂದಿದ್ದಕ್ಕೆ ಒಂದು ಮಾತು. ಆ ತಂಡದ ಕಾರು ತಯಾರಾಗುತ್ತಿದ್ದದ್ದು ಇಂಗ್ಲೆಂಡಿನ ಸಿಲ್ವರ್‌ಸ್ಟೋನಿನಲ್ಲಿ, ಎಂಜಿನ್ ಮೊದಲು ಫೆರಾರಿ, 2009ರಿಂದ ಮರ್ಸಿಡಿಸ್. ಅಂದ್ರೆ ದುಡ್ಡು ಕೊಟ್ಟು ತರುವ ಗಿರಾಕಿ ತಂಡ. ಎಂಜಿನ್ ಮಿತಿ ಬಂದದ್ದೇ ಇಂಥವರ ಖರ್ಚು ಇಳಿಯಲಿ ಅಂತ. ಇಂಥ ತಂಡ 2016, 2017 ಎರಡೂ ವರ್ಷ ನಾಲ್ಕನೇ ಸ್ಥಾನಕ್ಕೆ ಬಂತು ಅಂದ್ರೆ ಮಿತಿಯಿಂದ ಏನೂ ಉಪಯೋಗವಾಗಲಿಲ್ಲ ಅನ್ನೋಕಾಗಲ್ಲ. 2018ರಲ್ಲಿ ಸಾಲಕ್ಕೆ ಸಿಕ್ಕಿ ಕೈ ಬದಲಾಯಿತು. ಮಲ್ಯರ ಕಥೆ ನಿಮಗೆಲ್ಲ ಗೊತ್ತೇ ಇದೆ, ಇಲ್ಲಿ ಬೇಡ.

2014ರಲ್ಲಿ ಎಂಜಿನ್ನೇ ಬೇರೆಯಾಯ್ತು. ವಿ8 ಹೋಗಿ, ಟರ್ಬೊ ಇರೋ ವಿ6 ಹೈಬ್ರಿಡ್ ಬಂತು. ಇದನ್ನು ಎಂಜಿನ್ ಅನ್ನದೆ ಪವರ್ ಯುನಿಟ್ ಅಂತಾರೆ. ಆರು ಭಾಗ: ಪೆಟ್ರೋಲ್ ಸುಡುವ ಎಂಜಿನ್, ಟರ್ಬೊ, ಎರಡು ಬಗೆಯ ಮೋಟಾರ್ ಜನರೇಟರ್, ಬ್ಯಾಟರಿ, ಎಲೆಕ್ಟ್ರಾನಿಕ್ಸು. ಒಂದೊಂದಕ್ಕೂ ಬೇರೆ ಲೆಕ್ಕ, ಒಂದೊಂದಕ್ಕೂ ಎಫ್‌ಐಎ ಸೀಲು. ಮೊದಲ ವರ್ಷ ತಲಾ ಐದು, 2015ಕ್ಕೆ ತಲಾ ನಾಲ್ಕು.

ಮಾವನ ಪ್ರಶ್ನೆಗೆ ನಿಜವಾದ ಉತ್ತರ ಸಿಗೋದು ಈ 2015ರಲ್ಲಿ. ಆ ವರ್ಷದ ನಿಯಮದಲ್ಲಿ ಒಂದು ಸಾಲು ಇತ್ತು. "ಮೊದಲು ನಿಗದಿಯಾದ ಪ್ರಕಾರ" ರೇಸುಗಳು ಇಪ್ಪತ್ತಕ್ಕಿಂತ ಹೆಚ್ಚಿದ್ದರೆ ನಾಲ್ಕರ ಜಾಗದಲ್ಲಿ ಐದು ಅಂತ ಓದಿಕೊಳ್ಳಬೇಕು, ಅನ್ನೋದು ಅದರ ಅರ್ಥ. ಗಮನಿಸಿ, "ನಡೆದ" ರೇಸು ಅಲ್ಲ, "ನಿಗದಿಯಾದ" ರೇಸು. ನಾನು ಇದನ್ನು ಓದಿ ಕುರ್ಚಿಯಿಂದ ಎದ್ದು ಒಂದು ಸುತ್ತು ಓಡಾಡಿ ಬಂದೆ. ಬರೆದವನು ಯಾರೋ ರದ್ದಾಗುವ ರೇಸಿನ ಬಗ್ಗೆ ಯೋಚನೆ ಮಾಡಿಯೇ ಬರೆದಿದ್ದಾನೆ! ವರ್ಷದ ಮಧ್ಯೆ ರೇಸು ಹೋದರೂ ಕೊಟ್ಟ ಎಂಜಿನ್ ಕಿತ್ತುಕೊಳ್ಳಬಾರದು. ಕಿತ್ತುಕೊಂಡರೆ ಆಗಲೇ ಮೂರು ಎಂಜಿನ್ ಖರ್ಚು ಮಾಡಿದವನ ಗತಿ ಏನು? ನ್ಯಾಯವಾದ ಮಾತೇ.

ಆದರೆ ಅದೇ ಮಾತು ಇನ್ನೊಂದು ಬಾಗಿಲು ತೆರೆಯಿತು. 2014ರ ಡಿಸೆಂಬರಿನಲ್ಲಿ 2015ರ ಪಟ್ಟಿ ಬಂದಾಗ ಅದರಲ್ಲಿ 21 ರೇಸು. ಇದ್ದಕ್ಕಿದ್ದ ಹಾಗೆ ದಕ್ಷಿಣ ಕೊರಿಯಾ! ಅಲ್ಲಿ ಕೊನೆಯ ರೇಸು ನಡೆದದ್ದು 2013ರಲ್ಲಿ, ಮತ್ತೆ ನಡೆಯುತ್ತೆ ಅಂತ ನಂಬಿದವರು ಕಮ್ಮಿ. ಐದನೇ ಎಂಜಿನ್ ಸಿಗಲಿ ಅಂತಲೇ ಈ ಹೆಸರು ಸೇರಿಸಿದ್ದಾರೆ ಅಂತ ಪತ್ರಿಕೆಗಳು ಗುಮಾನಿ ಪಟ್ಟವು. ಗುಮಾನಿಯಷ್ಟೇ, ಯಾರೂ ಒಪ್ಪಿಕೊಂಡಿಲ್ಲ. ಜನವರಿಗೆ ಕೊರಿಯಾ ಪಟ್ಟಿಯಿಂದ ಮಾಯ, ರೇಸು ಇಪ್ಪತ್ತು, ಎಂಜಿನ್ ನಾಲ್ಕು. ಮಾರ್ಚಿನಲ್ಲಿ ಋತು ಶುರುವಾದ ಮೇಲೆ ಜರ್ಮನಿಯ ರೇಸೂ ಬಿತ್ತು, ದುಡ್ಡಿನ ಮಾತುಕತೆ ಕುದುರದೆ. ಓಡಿದ್ದು 19. ಆಗಲೂ ನಾಲ್ಕೇ.

ರದ್ದಾದ ರೇಸು ಎಲ್ಲರಿಗೂ ಒಂದೇ ಥರದ ಉಡುಗೊರೆ ಅಂದುಕೊಳ್ಳಬೇಡಿ. ಗಟ್ಟಿ ಎಂಜಿನ್ ಇದ್ದ ಮರ್ಸಿಡಿಸ್‌ನವರಿಗೆ ಒಂದು ರೇಸು ಕಮ್ಮಿ ಅಂದ್ರೆ ಸ್ವಲ್ಪ ಆರಾಮು. ಆ ವರ್ಷವೇ ವಾಪಸ್ ಬಂದ ಹೋಂಡಾಕ್ಕೆ, ಅದರ ಎಂಜಿನ್ ಹೊತ್ತ ಮೆಕ್ಲಾರೆನ್‌ಗೆ ನಾಲ್ಕು ಎಂಜಿನ್ ಅರ್ಧ ವರ್ಷಕ್ಕೂ ಸಾಲಲಿಲ್ಲ. ಒಂದು ರೇಸು ಕಮ್ಮಿಯಾದರೆ ಅವರಿಗೇನು ಉಪಯೋಗ? ಜುಲೈಯಲ್ಲಿ, ಹೊಸದಾಗಿ ಬಂದ ತಯಾರಕರಿಗೆ ಮೊದಲ ವರ್ಷ ಒಂದು ಎಂಜಿನ್ ಹೆಚ್ಚು ಅಂತ ಕೊಟ್ಟರು. ಅದೂ ಸಾಲದೆ ಆಗಸ್ಟ್‌ನ ಬೆಲ್ಜಿಯಂ ರೇಸಿನಲ್ಲಿ ಬಟನ್‌ಗೆ 50, ಅಲೊನ್ಸೊಗೆ 55, ಒಟ್ಟು 105 ಸ್ಥಾನ ದಂಡ. ಗ್ರಿಡ್‌ನಲ್ಲಿ ಇದ್ದ ಕಾರುಗಳೇ ಇಪ್ಪತ್ತು! ಮಿಕ್ಕ ಸ್ಥಾನ ಪಾರ್ಕಿಂಗಿನಲ್ಲಿ ಹುಡುಕಬೇಕಷ್ಟೇ.

ಮುಂದಿನ ವರ್ಷ, 2016ರಲ್ಲಿ, ನಿಜವಾಗಲೂ 21 ರೇಸಿತ್ತು, ಐದು ಸಿಕ್ಕಿತು. 2017ಕ್ಕೆ ಮತ್ತೆ ಇಪ್ಪತ್ತು ರೇಸು, ನಾಲ್ಕು. 2018ಕ್ಕೆ 21 ರೇಸು, ಎಂಜಿನ್ ಮಾತ್ರ ಮೂರು. ರೇಸು ಏರುತ್ತಾ ಎಂಜಿನ್ ಇಳಿಯುತ್ತಾ... ನಮ್ಮ ಟೀಮಲ್ಲಿ ಕೆಲಸ ಏರಿ ಜನ ಇಳಿದ ಹಾಗೆ. ಇರಲಿ.

ಇಲ್ಲಿಯವರೆಗೆ ಮಿತಿಯ ಮಾತು. ದಂಡದ ಮಾತು ಬೇರೆ. ಎಂಜಿನ್ ದಂಡ ಬೀಳೋದು ಯಾವಾಗ? ಹೆಚ್ಚುವರಿ ಭಾಗವನ್ನು ಮೊದಲ ಸಲ ಬಳಸಿದ ರೇಸಿನಲ್ಲೇ. "ಬಳಸಿದ್ದು" ಅಂದ್ರೆ ಏನು? ಕಾರಲ್ಲಿರುವ ಟ್ರಾನ್ಸ್‌ಪಾಂಡರು ಕಾರು ಪಿಟ್ ಲೇನ್ ಬಿಟ್ಟು ಹೊರಟಿತು ಅಂತ ತೋರಿಸಿದರೆ ಬಳಸಿದ ಹಾಗೆ. ಒಂದೇ ಒಂದು ಸುತ್ತು ಹೋಗಿ ಬಂದರೂ ಲೆಕ್ಕಕ್ಕೆ ಬಂತು. ಹಾಗಾಗಿ ರೇಸು "ಯಾವಾಗ" ರದ್ದಾಯಿತು ಅನ್ನೋದೇ ಮುಖ್ಯ. 2020ರ ಮಾರ್ಚ್ 13ರಂದು ಮೆಲ್ಬರ್ನಿನಲ್ಲಿ, ಮೆಕ್ಲಾರೆನ್‌ನ ಒಬ್ಬರಿಗೆ ಕೊರೋನಾ ಅಂತ ಗೊತ್ತಾಗಿ, ಮೊದಲ ಅಭ್ಯಾಸಕ್ಕೆ ಕೆಲವೇ ಗಂಟೆ ಇರುವಾಗ ರದ್ದು ಮಾಡಿದರು. ಒಂದು ಕಾರೂ ಹೊರಗೆ ಬಂದಿರಲಿಲ್ಲ. ಎಂಜಿನ್ ಕಾರಲ್ಲಿ ಕೂತು ಸಮುದ್ರ ದಾಟಿ ಹೋಗಿ ಬಂತು, ಲೆಕ್ಕಕ್ಕೆ ಬರಲಿಲ್ಲ. ಅದೇ ಶುಕ್ರವಾರ ಅಭ್ಯಾಸ ಮುಗಿಸಿ ಶನಿವಾರ ರದ್ದಾಗಿದ್ದರೆ, ರೇಸೇ ಇಲ್ಲದೆ ಒಂದು ಎಂಜಿನ್ ಖರ್ಚಿಗೆ ಬಿದ್ದಿರುತ್ತಿತ್ತು.

ಇದಕ್ಕಿಂತ ವಿಚಿತ್ರ 2021ರ ಆಗಸ್ಟ್ 29, ಸ್ಪಾ. ಬೆಳಗಿಂದ ಮಳೆ. ಗಂಟೆಗಟ್ಟಲೆ ಕಾಯಿಸಿ ಕೊನೆಗೆ ಸೇಫ್ಟಿ ಕಾರಿನ ಹಿಂದೆ ಮೆರವಣಿಗೆ ಥರ ಎರಡು ಮೂರು ಸುತ್ತು ಕರೆದುಕೊಂಡು ಹೋಗಿ, ರೇಸು ನಡೆಯಿತು ಅಂತ ಬರೆದುಕೊಂಡು ಅರ್ಧ ಅಂಕ ಹಂಚಿದರು. ಹಿಂದಿನ ಹಂಗೇರಿ ರೇಸಿನಲ್ಲಿ ಡಿಕ್ಕಿ ಮಾಡಿದ್ದಕ್ಕೆ ಬಾಟಾಸ್‌ಗೆ ಐದು ಸ್ಥಾನದ ದಂಡ ಬಾಕಿ ಇತ್ತು (ಎಂಜಿನ್ನಿನದಲ್ಲ, ಆದರೆ ವಿಷಯ ಒಂದೇ). ಇಂಥ ದಂಡ ಚಾಲಕ ಭಾಗವಹಿಸುವ ಮುಂದಿನ ರೇಸಿಗೆ ಅಂಟಿಕೊಳ್ಳುತ್ತೆ. ಎಂಟನೇ ಸ್ಥಾನ ಗಳಿಸಿದ್ದವನು ಹದಿಮೂರರಿಂದ ಹೊರಟ. ಸೇಫ್ಟಿ ಕಾರಿನ ಹಿಂದೆ ಯಾರನ್ನೂ ದಾಟುವ ಹಾಗಿಲ್ಲ. ಮುಗಿದಾಗ ಹನ್ನೆರಡನೆಯವನು, ಸೊನ್ನೆ ಅಂಕ. ಎಂಟರಲ್ಲೇ ಇದ್ದಿದ್ದರೆ ಅರ್ಧದ ಲೆಕ್ಕದಲ್ಲೂ ಎರಡು ಅಂಕ ಬರುತ್ತಿತ್ತು. ಪೂರ್ತಿ ರದ್ದಾಗಿದ್ದರೆ ದಂಡ ಮುಂದಿನ ರೇಸಿಗೆ ಹೋಗುತ್ತಿತ್ತು, ಅಲ್ಲಿ ನಾಲ್ಕು ಜನರನ್ನು ದಾಟುವ ಅವಕಾಶವಾದರೂ ಇರುತ್ತಿತ್ತು. ನನ್ನ ಕೇಳಿದರೆ ರದ್ದಾದ ರೇಸಿಗಿಂತ ಕಾಗದದ ಮೇಲೆ ನಡೆದ ರೇಸೇ ಹೆಚ್ಚು ಅನ್ಯಾಯ. ಟೀಕೆ ಜೋರಾದ ಮೇಲೆ ಅಂಕ ಹಂಚುವ ನಿಯಮ 2022ಕ್ಕೆ ಬದಲಾಯ್ತು. ಸೇಫ್ಟಿ ಕಾರಿಲ್ಲದೆ ಕನಿಷ್ಠ ಎರಡು ಸುತ್ತು ಓಡದಿದ್ದರೆ ಅಂಕವಿಲ್ಲ.

ಕೊನೆಯದಾಗಿ 2023. ಇದು ಮಾವನ ಪ್ರಶ್ನೆಗೆ ತೀರಾ ಹತ್ತಿರ. ವರ್ಷ ಶುರುವಾದಾಗ 23 ರೇಸು, ಮಿತಿ ಮೂರು ಎಂಜಿನ್, ಎಲೆಕ್ಟ್ರಾನಿಕ್ಸು ಎರಡೇ. ಮೊದಲ ರೇಸು ಬಹರೇನಿನಲ್ಲೇ ಫೆರಾರಿಯ ಲೆಕ್ಲೇರ್ ಮೂರನೆಯವನಾಗಿ ಓಡುತ್ತಿದ್ದಾಗ ಕಾರು ನಿಂತಿತು. ಎರಡನೇ ರೇಸಿಗೆ ಮೂರನೇ ಎಲೆಕ್ಟ್ರಾನಿಕ್ಸು ಹಾಕಬೇಕಾಯ್ತು, ಹತ್ತು ಸ್ಥಾನ ಹಿಂದೆ. ಎರಡನೇ ವೇಗದ ಸಮಯ ಮಾಡಿದ್ದವನು ಹನ್ನೆರಡರಿಂದ ಹೊರಟು ಏಳಕ್ಕೆ ಬಂದ. ಏಪ್ರಿಲ್ ಕೊನೆಗೆ, ಬಾಕು ರೇಸಿನ ಹೊತ್ತಿಗೆ, ತಂಡಗಳೆಲ್ಲ ಒಪ್ಪಿ ಎಂಜಿನ್, ಟರ್ಬೊ, ಜನರೇಟರುಗಳ ಮಿತಿ ನಾಲ್ಕಕ್ಕೆ ಏರಿತು. ಎಲೆಕ್ಟ್ರಾನಿಕ್ಸಿನ ಮಿತಿ ಏರಲಿಲ್ಲ. ಮೂರು ವಾರಕ್ಕೆ ಇಟಲಿಯ ಎಮಿಲಿಯಾ ರೊಮಾನ್ಯಾದಲ್ಲಿ ಭಾರೀ ಪ್ರವಾಹ. ಮೇ 17ರಂದು ಇಮೋಲಾ ರೇಸು ರದ್ದು, ಜನ ಮನೆ ಕಳೆದುಕೊಂಡಿದ್ದಾಗ ಅದು ಸರಿಯಾದ ನಿರ್ಧಾರವೇ. ಆಲ್ಫಾಟೌರಿಯ ಚಾಲಕ ಸುನೋಡಾ ಫಾಯೆಂಜಾ ಊರಲ್ಲಿ ಸಲಿಕೆ ಹಿಡಿದು ಕೆಸರು ಎತ್ತಿದ.

ಹೀಗೆ ರೇಸು 22 ಆಯ್ತು. 23 ರೇಸಿಗೆ ಅಂತ ಕೊಟ್ಟ ನಾಲ್ಕನೇ ಎಂಜಿನ್ ವಾಪಸ್ ತೆಗೆದುಕೊಳ್ಳಲಿಲ್ಲ. ಅದರ ಹಿಂದಿನ ವರ್ಷ ಉಕ್ರೇನ್ ಯುದ್ಧದಿಂದ ರಷ್ಯಾದ ರೇಸು ಬಿದ್ದು ಅಷ್ಟೇ 22 ರೇಸು ನಡೆದಿದ್ದವು, ಮೂರೇ ಎಂಜಿನ್ನಿನಲ್ಲಿ. ಆ ವರ್ಷ ಎಷ್ಟೊಂದು ಜನ ಹಿಂದಿನ ಸಾಲಿಗೆ ಹೋದರು, ವರ್ಸ್ಟಾಪನ್ ಸ್ಪಾದಲ್ಲಿ ಹದಿನಾಲ್ಕರಿಂದ ಹೊರಟು ಗೆದ್ದದ್ದೂ ಆಗಲೇ. ಒಂದೇ 22 ರೇಸು, ಒಂದು ವರ್ಷ ಮೂರು, ಇನ್ನೊಂದು ವರ್ಷ ನಾಲ್ಕು. ಮಾರ್ಚಿನಲ್ಲೇ ದಂಡ ಕಟ್ಟಿದವನಿಗೆ ವಾಪಸ್ ಏನೂ ಇಲ್ಲ.

ಇದನ್ನೆಲ್ಲ ಫೋನಲ್ಲಿ ಮಾವನಿಗೆ ಹೇಳಿದೆ. ಅವನು ಮಧ್ಯೆ ಬಾಯಿ ಹಾಕದೆ ಕೇಳಿದ್ದು ಇದೇ ಮೊದಲು ಅನ್ಸುತ್ತೆ. ಆಮೇಲೆ ಅಂದ: "ನಿನ್ ಸ್ಕೂಟ್ರುದ್ದು ಫ್ರೀ ಸರ್ವೀಸ್ ಕಥೆ ಹಂಗೇ ಆಯ್ತಲ್ಲೋ."

ನಿಜ. 2020ರ ಜನವರಿಯಲ್ಲಿ ಮೊದಲ ಸಂಬಳ ಕೂಡಿಸಿ ಸ್ಕೂಟರ್ ತಗೊಂಡಿದ್ದೆ. ಲಾಕ್‌ಡೌನಲ್ಲಿ ಅದು ಹಿರೇಹಳ್ಳಿ ಮನೆ ಮುಂದೆ ಗೋಣಿಚೀಲ ಹೊದ್ದು ನಿಂತಿತ್ತು. ಮೀಟರು ನಿಂತಿತ್ತು, ಕೂಪನ್ನಿನ ತಾರೀಕು ಮಾತ್ರ ಓಡ್ತಾ ಇತ್ತು. ಕಿಲೋಮೀಟರ್ ಅಥವಾ ತಿಂಗಳು, ಯಾವುದು ಮೊದಲೋ ಅದು. ಸರ್ವೀಸ್ ಸೆಂಟರಿನವನು ಕೂಪನ್ ತಿರುಗಿಸಿ ನೋಡಿ ತಲೆ ಆಡಿಸಿದ. ಕೊನೆಗೆ ಆಯಿಲ್ ಬದಲಿಸಿ ಕೊಟ್ಟವನು ಮಾವನೇ.

"ಅವ್ರು ಕಿಲೋಮೀಟರ್ ಲೆಕ್ಕ ಯಾಕೆ ಇಡಲ್ಲ? ಒಂದು ರೇಸು ಮುನ್ನೂರು ಚಿಲ್ಲರೆ ಕಿಲೋಮೀಟ್ರು. ಇಷ್ಟು ಓಡಿಸ್ರಪ್ಪ ಒಂದು ಎಂಜಿನ್ನು ಅಂದ್ರೆ ರೇಸು ನಿಂತ್ರೂ ಲೆಕ್ಕ ಸರಿಯಾಗ್ತದೆ."

"ಹಂಗಂದ್ರೆ ಅಭ್ಯಾಸಕ್ಕೆ ಕಾರೇ ಹೊರಗೆ ತೆಗೆಯಲ್ಲ ಮಾವ, ಕಿಲೋಮೀಟರ್ ಉಳಿಸ್ತಾ ಕೂತ್ಕೋತಾರೆ. ದುಡ್ಡು ಕೊಟ್ಟು ನೋಡೋಕೆ ಬಂದೋರು ಖಾಲಿ ರಸ್ತೆ ನೋಡ್ಬೇಕು."

"ಹೂಂ" ಅಂದ. ಹಿಂದೆ ಯಾರೋ ಗಿರಾಕಿ ಕೂಗೋದು ಕೇಳಿಸಿತು. "ಇರು, ಎಕ್ಸೆಲ್ಲು ಬಂದೈತೆ" ಅಂತ ಫೋನ್ ಇಟ್ಟ.

ನಿಮ್ಮಲ್ಲಿ ಯಾರಿಗಾದ್ರೂ ಇದಕ್ಕಿಂತ ಒಳ್ಳೇ ಲೆಕ್ಕ ಹೊಳೆದರೆ ಕೆಳಗೆ ಬರೀರಿ. ಮಾವನಿಗೆ ಓದಿ ಹೇಳ್ತೀನಿ.